ಮಧ್ಯಾಹ್ನ ಒಂದು ಗಂಟೆಯ ನೆರಳು

ಮೇ ತಿಂಗಳ ಮೊದಲ ವಾರದಲ್ಲಿ, ಮಧ್ಯಾಹ್ನ ಒಂದು ಗಂಟೆಗೆ, ಶ್ರೀರಂಗಪಟ್ಟಣದ ಬಯಲಲ್ಲಿ ನಿಂತ ಆರಡಿ ಆಳಿನ ನೆರಳು ಎಷ್ಟುದ್ದ ಬೀಳುತ್ತದೆ? ಇದನ್ನು ತಿಳಿದು ಯಾರಿಗೂ ಏನೂ ಆಗಬೇಕಾಗಿಲ್ಲ. ಆದರೂ ಒಮ್ಮೆ ತಲೆಗೆ ಹೊಕ್ಕಮೇಲೆ ಸುಮ್ಮನೆ ಬಿಡುವ ಪ್ರಶ್ನೆಯಲ್ಲ ಅದು. ಊರಿರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿಗಿಂತ ಸ್ವಲ್ಪ ಮೇಲೆ. ಆ ವಾರದ ಸೂರ್ಯ ಆಗಲೇ 16 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಎಂದರೆ ನಡುಹಗಲಿನಲ್ಲಿ ಅವನು ನಮ್ಮ ನೆತ್ತಿಯನ್ನು ದಾಟಿ ಆಚೆ ನಿಂತು, ಉತ್ತರದಿಂದ ನಮ್ಮನ್ನು ನೋಡುತ್ತಿರುತ್ತಾನೆ. ಒಂದು ಗಂಟೆಗೆ ಪಡುವಣಕ್ಕೆ ತುಸು ವಾಲಿರುತ್ತಾನೆ. ಹೀಗಾಗಿ ನೆರಳು ಎರಡಡಿಯನ್ನೂ ಮುಟ್ಟುವುದಿಲ್ಲ. ಮೂಡಣಕ್ಕೆ, ಚೂರೇ ಚೂರು ತೆಂಕಣಕ್ಕೆ ಓರೆಯಾಗಿ, ಕಾಲಿನ ಬಳಿಯಲ್ಲೇ ಮುದುರಿಕೊಂಡಿರುತ್ತದೆ.

ಈ ನೆರಳುಗಣಿತಕ್ಕೆ ನಾನು ಇಳಿದದ್ದು ಚಿತ್ರಗಳ ದೆಸೆಯಿಂದ. 1799ರ ಮೇ 4ರಂದು, ಸರಿಯಾಗಿ ಈ ಹೊತ್ತಿಗೆ, ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ದಂಡಿನ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಸೇನಾಧಿಕಾರಿ ಕಂದಕದಿಂದ ಮೇಲೆದ್ದು ಕತ್ತಿ ಹಿರಿದ. ಅವನ ಹಿಂದೆ ಬೆಳಕು ಹರಿಯುವ ಮೊದಲೇ ಬಂದು ಅಡಗಿ ಕುಳಿತಿದ್ದ ನಾಲ್ಕು ಸಾವಿರಕ್ಕೂ ಮಿಕ್ಕ ಜನ ಎದ್ದರು. ಬೇಸಿಗೆಯ ಕಾವೇರಿ, ಬಂಡೆಯಿಂದ ಬಂಡೆಗೆ, ಕೆಲವು ಕಡೆ ಕಣಕಾಲುದ್ದ, ಕೆಲವು ಕಡೆ ಸೊಂಟದುದ್ದ ನೀರು. ಪಡುವಣ ದಿಕ್ಕಿನಿಂದ ಹೊಳೆ ದಾಟಿ, ಫಿರಂಗಿ ಕೆಡವಿದ್ದ ಗೋಡೆಯ ಬಿರುಕಿಗೆ ಅವರು ಓಡಿದ್ದು ಮೂಡಣಕ್ಕೆ. ನೆರಳೂ ಮೂಡಣಕ್ಕೇ ಬಿದ್ದಿತ್ತಲ್ಲ? ಹಾಗಾದರೆ ಅಂದು ಪ್ರತಿಯೊಬ್ಬ ಸಿಪಾಯಿಯ ನೆರಳೂ ಅವನಿಗಿಂತ ಅರ್ಧ ಹೆಜ್ಜೆ ಮುಂದಾಗಿ ಕೋಟೆಯ ಕಡೆಗೆ ಓಡಿರಬೇಕು. ಯಾವ ದಾಖಲೆಯಲ್ಲೂ ಇದನ್ನು ಹುಡುಕಬೇಕಾಗಿಲ್ಲ. ಸೂರ್ಯ ಅಂದು ಎಲ್ಲಿದ್ದನೋ ಈ ವರ್ಷವೂ ಆ ದಿನ ಅಲ್ಲೇ ಇರುತ್ತಾನೆ. ಇತಿಹಾಸದ ಚಿತ್ರ ಬರೆಯುವವನಿಗೆ ಇಷ್ಟು ನಂಬಿಗಸ್ತ ಸಾಕ್ಷಿ ಬೇರೊಬ್ಬನಿಲ್ಲ.

ಆದರೆ ಆ ದಿನವನ್ನು ಎಲ್ಲರಿಗಿಂತ ದೊಡ್ಡದಾಗಿ ಚಿತ್ರಿಸಿದವನಿಗೆ ಆ ಸೂರ್ಯನ ಪರಿಚಯವಿರಲಿಲ್ಲ. ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲಿದ್ದವನು, ಆಗ ಇಪ್ಪತ್ತೆರಡು ವರ್ಷದ ಹುಡುಗ. ಶ್ರೀರಂಗಪಟ್ಟಣ ಬಿದ್ದ ಸುದ್ದಿ ಹಡಗೇರಿ ಅಲ್ಲಿಗೆ ತಲುಪಿದ್ದು ಸೆಪ್ಟೆಂಬರಿನಲ್ಲಿ. 1800ರ ಏಪ್ರಿಲಿಗೆಲ್ಲ ಸ್ಟ್ರ್ಯಾಂಡ್ ಬೀದಿಯ ಲೈಸಿಯಂನಲ್ಲಿ ಅವನ ಚಿತ್ರ ಜನರ ಮುಂದಿತ್ತು. ಚಿತ್ರವೆಂದರೆ ಗೋಡೆಗೆ ನೇತುಹಾಕುವ ಚೌಕಟ್ಟಲ್ಲ; 120 ಅಡಿಗೂ ಮಿಕ್ಕಿದ ಉದ್ದದ ಬಟ್ಟೆ, ನೋಡುವವರ ಸುತ್ತ ಕಮಾನಾಗಿ ಬಾಗಿ ನಿಲ್ಲುವ ಪನೋರಮಾ. ಅಷ್ಟನ್ನೂ ಅವನು ಬರೆದು ಮುಗಿಸಿದ್ದು ಆರು ವಾರಗಳಲ್ಲಂತೆ. ಏಣಿಯ ಮೇಲೆ ನಿಂತು ಹೊಗೆ ಬರೆಯುತ್ತಿರುವ, ಮಾರನೆಯ ದಿನ ಗೋಡೆ ಬರೆಯುತ್ತಿರುವ ಆ ಹುಡುಗನನ್ನು ನೆನೆದರೆ ನನಗೆ ಅವನ ಮೇಲೆ ಅಕ್ಕರೆ ಉಕ್ಕುತ್ತದೆ. ಕಾಣದ ಊರಿನ ಕಾಣದ ಮಧ್ಯಾಹ್ನವನ್ನು ಹೊತ್ತು ನಿಲ್ಲುವುದು ಸಣ್ಣ ಕೆಲಸವಲ್ಲ.

ಮೂಲಚಿತ್ರ ಮುಂದೆ ಬೆಂಕಿಗೆ ತುತ್ತಾಯಿತು. ನಮಗೆ ಉಳಿದದ್ದು ಅದನ್ನು ನೋಡಿ ವೆಂಡ್ರಾಮಿನಿ ಎಂಬವನು ತಾಮ್ರದ ಫಲಕಗಳ ಮೇಲೆ ಕೊರೆದ ಅಚ್ಚುಗಳು. ಅವುಗಳ ಮುಂದೆ ಎಷ್ಟು ಹೊತ್ತಾದರೂ ಕಳೆಯಬಹುದು. ನಡುವೆ ಬಿರುಕಿನ ಕಲ್ಲುರಾಶಿ, ಅದರ ನೆತ್ತಿಯಲ್ಲಿ ಬೇರ್ಡ್. ಬಾವುಟ ನೆಟ್ಟ ಕ್ಷಣದಲ್ಲೇ ಗುಂಡೇಟು ತಿಂದ ಸಾರ್ಜೆಂಟ್ ಗ್ರಹಾಂ. ಮೇಲೆ ಹೊಗೆ, ಕೆಳಗೆ ಹೆಣ. ಪೋರ್ಟರನ ಪ್ರಾಮಾಣಿಕತೆ ಎಲ್ಲಿದೆ ಎಂದು ಹುಡುಕಿದರೆ ಅದು ಅಧಿಕಾರಿಗಳ ಮುಖದಲ್ಲಿ ಸಿಗುತ್ತದೆ. ಇವನು ಇಂಥವನು, ಅವನು ಅಂಥವನು ಎಂದು ಗುರುತು ಹಿಡಿಯಲು ಚಿತ್ರದ ಜತೆಗೆ ಹೆಸರಿನ ಕೀಲಿಪಟವೂ ಇತ್ತು. ನೋಡಲು ಬರುವವರಲ್ಲಿ ಆ ಅಧಿಕಾರಿಗಳ ತಾಯಂದಿರಿದ್ದರು, ಹೆಂಡಿರಿದ್ದರು, ಬದುಕಿ ಊರಿಗೆ ಮರಳಿದ ಗೆಳೆಯರಿದ್ದರು. ಅವರ ಕಣ್ಣಿಗೆ ಮಗನ ಮೂಗು ತಪ್ಪಾಗಕೂಡದು. ಎದುರು ಬದಿಯ ಮೈಸೂರಿನವರಿಗೆ ಪೇಟವಿದೆ, ಮೀಸೆಯಿದೆ, ಆಕ್ರೋಶವಿದೆ, ಹೆಸರಿಲ್ಲ. ಅವರ ತಾಯಂದಿರು ಲೈಸಿಯಂಗೆ ಬರುವವರಲ್ಲವಲ್ಲ.

ಇದನ್ನು ಪೋರ್ಟರನ ಮೇಲಿನ ದೂರಾಗಿ ಹೇಳುತ್ತಿಲ್ಲ. ಇದೇ ಹುಳುಕು ಇನ್ನೊಂದು ಬದಿಯಿಂದಲೂ ಇದೆ, ಮತ್ತು ಅದನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಕೋಟೆಯಿಂದ ಹೊರಬಿದ್ದು ಗುಂಬಜ್‌ನ ದಾರಿ ಹಿಡಿದರೆ ಎಡಕ್ಕೆ ದರಿಯಾ ದೌಲತ್ ಬಾಗ್. 1784ರಲ್ಲಿ ಕಟ್ಟಿಸಿದ ಬೇಸಿಗೆ ಮನೆ. ಬಿಸಿಲು ತಾಕದಂತೆ ಸುತ್ತ ಪರದೆ ಇಳಿಬಿಟ್ಟಿರುವುದರಿಂದ ಒಳಗೆ ಕಾಲಿಟ್ಟ ಮೇಲೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅವಸರದವರು ಅಷ್ಟರಲ್ಲಿ ಹೊರಟೇಬಿಡುತ್ತಾರೆ. ನೀವು ಹೊರಡಬೇಡಿ. ಪಡುವಣ ಗೋಡೆಯ ಮುಂದೆ ನಿಲ್ಲಿ. ಮೊದಲು ಕೆಂಪು ಕಾಣುತ್ತದೆ, ಆಮೇಲೆ ಕುದುರೆ ಕಾಣುತ್ತವೆ, ಆಮೇಲೆ ಮೆಲ್ಲಗೆ ಇಡೀ ಯುದ್ಧವೇ ಗೋಡೆಯಿಂದ ಹೊರಬರುತ್ತದೆ.

ಅದು ಪೊಳ್ಳಿಲೂರಿನ ಕದನ. 1780ರ ಸೆಪ್ಟೆಂಬರ್ 10, ಕಂಚಿಯ ಹತ್ತಿರ. ಹೈದರ್ ಮತ್ತು ಟಿಪ್ಪು ಕೂಡಿ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸುತ್ತುಗಟ್ಟಿ ಮುರಿದ ದಿನ. ಗೋಡೆಯ ಮೇಲೆ ಇಂಗ್ಲಿಷರು ಚೌಕಾಕಾರವಾಗಿ ನಿಂತಿದ್ದಾರೆ: ಕೆಂಪಂಗಿ, ಕರಿಟೋಪಿ, ಹೆಗಲಿಗೆ ಹೆಗಲು. ಚೌಕದ ನಡುವೆ ಪಲ್ಲಕ್ಕಿಯಲ್ಲಿ ಬೇಲಿ, ಗಾಯಗೊಂಡು ನಡೆಯಲಾರದವನು, ಬೆರಳು ಕಚ್ಚಿಕೊಂಡಿದ್ದಾನೆ. ಪಕ್ಕದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಇದು ಬಣ್ಣಗಾರನ ಕಲ್ಪನೆಯಲ್ಲ. ಮದ್ದಿನ ಬಂಡಿಗಳು ಸಿಡಿದದ್ದೇ ಆ ದಿನದ ತಿರುವು. ಒಂದು ಕಡೆ ಫ್ರೆಂಚ್ ದಳದ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಎರಡೂ ಬದಿಯಿಂದ ಮೈಸೂರಿನ ಸವಾರರು ನುಗ್ಗುತ್ತಿದ್ದಾರೆ. ಅವರ ಈಟಿಗಳು ಕೊಯ್ಲಿಗೆ ಬಂದ ಜೋಳದ ಹೊಲದ ಹಾಗೆ ಒತ್ತೊತ್ತಾಗಿ ಎದ್ದಿವೆ. ರುಂಡಗಳು ಹಾರುತ್ತಿವೆ. ಇಷ್ಟರ ನಡುವೆ ಟಿಪ್ಪು ಗುಲಾಬಿಯೊಂದನ್ನು ಮೂಗಿಗೆ ಹಿಡಿದಿದ್ದಾನೆ.

ಗುಲಾಬಿ ನಿಜವಿರಬಹುದೇ? ಯುದ್ಧದ ನಡುವೆ ಹೂ ಮೂಸುವ ದೊರೆಯನ್ನು ನಮ್ಮ ಚಿತ್ರಗಾರರು ಪುಟ್ಟ ಪುಟ್ಟ ಹಾಳೆಗಳಲ್ಲಿ ತಲೆಮಾರುಗಳಿಂದ ಬರೆದುಕೊಂಡು ಬಂದಿದ್ದರು; ದೊರೆಯೆಂದರೆ ಹಾಗೆಯೇ. ಬೆರಳು ಕಚ್ಚುವುದೂ ಅದೇ ಪರಂಪರೆಯ ಮಾತು, ದಿಗ್ಭ್ರಮೆಗೆ ಒಪ್ಪಿದ ಗುರುತು. ಹಾಗಾದರೆ ಇವನ್ನು ತಪ್ಪೆನ್ನಬೇಕೋ? ನನಗೆ ಹಾಗನ್ನಿಸುವುದಿಲ್ಲ. ಗೆಲ್ಲುವವನ ನಿಶ್ಚಿಂತೆಯನ್ನೂ ಸೋಲುವವನ ಬೆರಗನ್ನೂ ಬಣ್ಣದಲ್ಲಿ ಹೇಳಲು ಆ ಕೈಗೆ ಗೊತ್ತಿದ್ದ ಅತ್ಯಂತ ನಿಖರವಾದ ಮಾತು ಅದು. ಸಿಡಿದ ಬಂಡಿಯನ್ನು ಸರಿಯಾದ ಜಾಗದಲ್ಲಿ ಇಟ್ಟ ಕೈಯೇ ಗುಲಾಬಿಯನ್ನೂ ಇಟ್ಟಿದೆ. ಎರಡನ್ನೂ ಒಂದೇ ಶ್ರದ್ಧೆಯಿಂದ ಇಟ್ಟಿದೆ.

ಆ ಗೋಡೆಯ ಹತ್ತಿರ ಹೋಗಿ, ಕಾವಲಿನವರು ಎಷ್ಟು ಬಿಡುತ್ತಾರೋ ಅಷ್ಟು ಹತ್ತಿರ, ಕುದುರೆಗಳ ಕಾಲನ್ನು ನೋಡಬೇಕು. ಮುಂದಿನ ಕುದುರೆ ಪೂರ್ತಿ ಇದೆ. ಅದರ ಹಿಂದಿನದು ಅಷ್ಟೇ ರೇಖೆಯಲ್ಲಿ ಒಂದಂಗುಲ ಜರುಗಿ ಇಣುಕುತ್ತದೆ. ಅದರ ಹಿಂದಿನದು ಇನ್ನೊಂದಂಗುಲ. ಕಾಲುಗಳೆಲ್ಲ ಒಂದೇ ಲಯದಲ್ಲಿ ಎದ್ದಿವೆ. ನಿಜವಾದ ಕುದುರೆಗಳು ಹೀಗೆ ಓಡುವುದಿಲ್ಲ. ಆದರೆ ದಂಡೊಂದು ಮೈಮೇಲೆ ಬರುವಾಗ ಎದುರು ನಿಂತವನಿಗೆ ಕಾಣುವುದು ಒಂದೊಂದು ಕುದುರೆಯಲ್ಲ, ಬಹುಕಾಲಿನ ಒಂದು ಪ್ರಾಣಿ. ಬಣ್ಣಗಾರ ಚೌಕವನ್ನು ಹದ್ದಿನ ಹಾಗೆ ಮೇಲಿನಿಂದ ನೋಡಿದ್ದಾನೆ, ಚೌಕದೊಳಗಿನ ಮನುಷ್ಯರನ್ನು ಪಕ್ಕದಿಂದ ನೋಡಿದ್ದಾನೆ, ಒಂದೇ ಗೋಡೆಯಲ್ಲಿ ಹಲವು ಗಳಿಗೆಗಳನ್ನು ಒಟ್ಟಿಗೆ ಇಟ್ಟಿದ್ದಾನೆ. ಪೋರ್ಟರನ ಬಟ್ಟೆಯಲ್ಲಿ ನೀವು ಒಂದು ಕಡೆ ನಿಂತಿರುತ್ತೀರಿ; ಇಲ್ಲಿ ಎಲ್ಲ ಕಡೆಯೂ ಇರುತ್ತೀರಿ. ಯುದ್ಧದಿಂದ ಬದುಕಿ ಬಂದವರು ನೆನಪಿಸಿಕೊಳ್ಳುವಾಗಲೂ ಹೀಗೆಯೇ ಅಲ್ಲವೇ, ಒಂದು ಚೂರು ಮೇಲಿನಿಂದ, ಒಂದು ಚೂರು ಕಾಲಡಿಯಿಂದ, ಹಿಂದಿನದು ಮುಂದಾಗಿ? ಕದನದ ಗೊಂದಲದ ಬಗ್ಗೆ ನನಗೆ ಈ ಗೋಡೆಯೇ ಹೆಚ್ಚು ಕರಾರುವಾಕ್ಕಾಗಿ ಕಾಣುತ್ತದೆ.

ಈಗ ಮುಖಗಳಿಗೆ ಬನ್ನಿ. ಮೈಸೂರಿನವರಿಗೆ ಗಡ್ಡ, ಮೀಸೆ, ಬಗೆಬಗೆಯ ಪೇಟ, ಪೇಟದ ಸುತ್ತು ಕೂಡ ಬೇರೆಬೇರೆ. ಇಂಗ್ಲಿಷರೋ, ನುಣ್ಣನೆಯ ಕೆನ್ನೆಯ ಒಂದೇ ಮುಖ, ಸಾಲು ಸಾಲಾಗಿ ಅಚ್ಚೊತ್ತಿದ್ದು. ಆ ಅಚ್ಚಿನ ಮುಖಗಳಲ್ಲಿ ಒಂದು, ಯಾವುದೆಂದು ಯಾರೂ ಬೆರಳಿಟ್ಟು ತೋರಿಸಲಾಗದ ಒಂದು, ನಮ್ಮ ಡೇವಿಡ್ ಬೇರ್ಡನದು. ಅವನು ಆ ಚೌಕದಲ್ಲಿದ್ದ! ಇಪ್ಪತ್ತೆರಡರ ಕ್ಯಾಪ್ಟನ್, ಗಾಯಗೊಂಡು ಸೆರೆಸಿಕ್ಕು, ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧಿಯಾಗಿದ್ದು 1784ರಲ್ಲಿ ಬಿಡುಗಡೆಯಾದ. ಬೇಲಿ ಆ ಸೆರೆಯಲ್ಲೇ 1782ರಲ್ಲಿ ತೀರಿಕೊಂಡ. ಗುಂಬಜ್‌ನ ಹತ್ತಿರ ಅವನ ಸ್ಮಾರಕವಿದೆ. ಪೊಳ್ಳಿಲೂರಿನ ಗೋಡೆಯಲ್ಲಿ ಮುಖವಿಲ್ಲದವನು ಪೋರ್ಟರನ ಬಟ್ಟೆಯಲ್ಲಿ ಎಲ್ಲರಿಗಿಂತ ಎತ್ತರದ ಮುಖವಾದ. ಇಲ್ಲಿ ಪೇಟದ ಸುತ್ತಿನ ತನಕ ಗುರುತಿಸಿಕೊಂಡವರು ಅಲ್ಲಿ ಹೆಸರಿಲ್ಲದ ಗುಂಪಾದರು. ಎಲ್ಲಿ ಮಮತೆಯೋ ಅಲ್ಲಿ ಚಿತ್ರಗಾರನ ಕುಂಚದ ತುದಿ ಸಣ್ಣದಾಗುತ್ತದೆ. ಈಚೆಗೆ ಯಾವ ಐತಿಹಾಸಿಕ ಚಿತ್ರದ ಮುಂದೆ ನಿಂತರೂ ನಾನು ಮೊದಲು ನೋಡುವುದು ಇದನ್ನೇ: ಎಲ್ಲಿ ಸಣ್ಣ ಕುಂಚ, ಎಲ್ಲಿ ದೊಡ್ಡ ಕುಂಚ.

ಗೋಡೆಯ ಕಥೆಯೂ ಸರಳವಲ್ಲ. ಮುತ್ತಿಗೆಯ ಕಾಲಕ್ಕೇ ಅದು ವಿರೂಪಗೊಂಡಿತ್ತು. ಕೋಟೆ ಬಿದ್ದಮೇಲೆ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ ಆರ್ಥರ್ ವೆಲ್ಲೆಸ್ಲಿ ಚಿತ್ರವನ್ನು ಮತ್ತೆ ಬರೆಸಿದ. ತನ್ನವರ ಸೋಲಿನ ಚಿತ್ರವನ್ನು! ಆಮೇಲೆ ಮತ್ತೆ ಸುಣ್ಣ ಬಿತ್ತು. ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ, ಮೊದಲಿನದನ್ನು ನೆನಪಿಟ್ಟುಕೊಂಡಿದ್ದ ಇಲ್ಲಿನ ಕಲಾವಿದನೊಬ್ಬನ ಕೈಯಲ್ಲಿ, ಬಣ್ಣ ಎದ್ದಿತು. ಆ ಹೆಸರಿಲ್ಲದ ಮುದುಕನನ್ನು (ಮುದುಕನೇ ಇರಬೇಕು) ನಾನು ಆಗಾಗ ನೆನೆಯುತ್ತೇನೆ. ಸುಣ್ಣದ ಗೋಡೆಯ ಮುಂದೆ ನಿಂತು, ಇಲ್ಲೊಂದು ಕುದುರೆ ಇತ್ತು, ಇಲ್ಲಿ ಪಲ್ಲಕ್ಕಿ, ಪಲ್ಲಕ್ಕಿಯೊಳಗಿನವನ ಬೆರಳು ಬಾಯಲ್ಲಿತ್ತು ಎಂದು ಅವನು ಗೆರೆ ಎಳೆದಿರಬೇಕು. ಅವನಿಗೆ ನಿಖರತೆಯೆಂದರೆ ಪೊಳ್ಳಿಲೂರಿಗೆ ನಿಷ್ಠನಾಗಿರುವುದಲ್ಲ, ತಾನು ಕಂಡಿದ್ದ ಚಿತ್ರಕ್ಕೆ ನಿಷ್ಠನಾಗಿರುವುದು. ಈ ಕದನದ ಇನ್ನೊಂದು ರೂಪ ಕಾಗದದ ಮೇಲೂ ಉಳಿದಿದೆ: 24 ಹಾಳೆ, ಸುಮಾರು 32 ಅಡಿ ಉದ್ದ. 2022ರಲ್ಲಿ ಅದು ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಅದು ಊರಿಗೆ ಬಂದು ಗೋಡೆಯ ಪಕ್ಕದಲ್ಲಿ ಸ್ವಲ್ಪ ದಿನವಾದರೂ ಬಿಚ್ಚಿಕೊಂಡಿದ್ದರೆ ಆ ಮುದುಕನ ನೆನಪಿನ ಬಲವನ್ನು ಕಣ್ಣಾರೆ ಅಳೆಯಬಹುದಿತ್ತು.

ಊರಿಗೆ ಬಂದೇ ಬರೆದವರೂ ಇದ್ದರು. ರಾಬರ್ಟ್ ಹೋಂ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನೊಡನೆ ನಡೆದ. 1792ರ ಫೆಬ್ರವರಿ 26ರಂದು ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯವನ್ನು ಬರೆದು, ಅದರ ಎಡತುದಿಯಲ್ಲಿ ಚಿತ್ರಗಳ ಕಟ್ಟು ಹಿಡಿದ ತನ್ನನ್ನೂ ನಿಲ್ಲಿಸಿಕೊಂಡ. ನಾನಿದ್ದೆ ಎನ್ನುವ ರುಜು ಅದು. ಅದೇ ದೃಶ್ಯವನ್ನು ಮ್ಯಾಥರ್ ಬ್ರೌನ್ ಭಾರತದ ಮುಖ ನೋಡದೆ ಲಂಡನ್ನಿನಲ್ಲಿ ಕುಳಿತು ಬರೆದ. ಟರ್ನರನಂಥ ಟರ್ನರ್ ಕೂಡ ಕಾಣದ ಶ್ರೀರಂಗಪಟ್ಟಣವನ್ನು ಜಲವರ್ಣದಲ್ಲಿ ಬರೆದಿದ್ದಾನೆ. ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವವನು ಥಾಮಸ್ ಹಿಕ್ಕಿ. ಡಬ್ಲಿನ್ನಿನ ಈ ಚಿತ್ರಗಾರ 1799ರಲ್ಲಿ ಇಲ್ಲಿದ್ದ. ಕೋಟೆ ಹಿಡಿದ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಸೀಮೆಸುಣ್ಣದಲ್ಲಿ ಬರೆದ. ಸೋತ ಕಡೆಯವರನ್ನೂ ಬಿಡಲಿಲ್ಲ: ಟಿಪ್ಪುವಿನ ಮಕ್ಕಳು, ಆಳ್ವಿಕೆಯ ಹೊಣೆ ಹೊತ್ತ ಪೂರ್ಣಯ್ಯ, ಎಲ್ಲರೂ ಅವನ ಮುಂದೆ ಕುಳಿತರು. ಅವನು ಬರೆದ ಪೂರ್ಣಯ್ಯನವರ ಮುಖದಲ್ಲಿ ಎರಡು ಆಳ್ವಿಕೆಗಳ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡವರ ಬಿಗುವಿದೆ. ಇವನ್ನೆಲ್ಲ ಜೋಡಿಸಿ ಶ್ರೀರಂಗಪಟ್ಟಣದ ಪತನದ ದೊಡ್ಡ ಚಿತ್ರಮಾಲೆ ಬರೆಯಬೇಕೆಂದು ಅವನಿಗೆ ಆಸೆಯಿತ್ತು. ಅದು ಆಗಲೇ ಇಲ್ಲ. ಎರಡೂ ಕಡೆಯ ಮುಖಗಳನ್ನು ಎದುರಿಗಿಟ್ಟುಕೊಂಡು ಕಂಡವನು ಅವನೊಬ್ಬನೇ. ಎರಡೂ ಕಡೆಗೆ ಸಣ್ಣ ಕುಂಚ ಹಿಡಿಯಬಲ್ಲವನೂ ಅವನೇ ಆಗಿದ್ದ. ಬರೆಯದೆ ಉಳಿದ ಆ ಬಟ್ಟೆಯನ್ನು ನೆನೆದರೆ, ಸುಟ್ಟುಹೋದ ಪೋರ್ಟರನ ಬಟ್ಟೆಗಿಂತ ದೊಡ್ಡ ನಷ್ಟ ಅದೆನ್ನಿಸುತ್ತದೆ.

ಬೇರ್ಡನ ಮೂರನೆಯ ಚಿತ್ರ ರಾತ್ರಿಯದು. 1829ರಲ್ಲಿ ಅವನು ತೀರಿಕೊಂಡಮೇಲೆ ಅವನ ಹೆಂಡತಿ ಡೇವಿಡ್ ವಿಲ್ಕಿಗೆ ಹೇಳಿ ಬರೆಸಿದ್ದು, 1839ರಲ್ಲಿ ಪ್ರದರ್ಶನಕ್ಕೆ ಬಂದದ್ದು. ಹನ್ನೊಂದು ಅಡಿ ಮೀರಿದ ಎತ್ತರ. ಬಾಗಿಲ ಕತ್ತಲೆಯಲ್ಲಿ ಬೆಳಕು ಹಿಡಿದು ಟಿಪ್ಪುವಿನ ದೇಹವನ್ನು ಹುಡುಕಿದ ಗಳಿಗೆ. ಬೇರ್ಡನ ಕಾಲಡಿಯಲ್ಲಿ ಒಂದು ಕಬ್ಬಿಣದ ಜಾಲರಿಯಿದೆ. ಅವನು ಕೊಳೆತ ಸೆರೆಮನೆಯ ನೆನಪಿಗೆ ಅದು. ದೇಹ ಸಿಕ್ಕಿದ ಜಾಗಕ್ಕೂ ಸೆರೆಮನೆಯ ಜಾಲರಿಗೂ ಸಂಬಂಧವಿರಬೇಕಾಗಿಲ್ಲ. ಆದರೆ ಗಂಡನ ಆ ವರ್ಷಗಳನ್ನು ಆ ಹೆಂಗಸು ಮರೆತಿರಲಾರಳು, ಚಿತ್ರಗಾರನೂ ಮರೆಯಲಿಲ್ಲ. ನಕ್ಷೆಯ ನಿಜ ಒಂದಾದರೆ ಬಾಳಿನ ನಿಜ ಇನ್ನೊಂದು. ಈ ಜಾಲರಿಯನ್ನು ನಾನು ಗುಲಾಬಿಯ ಪಕ್ಕದಲ್ಲೇ ಇಡುತ್ತೇನೆ.

ಅಂದಿನ ರಾತ್ರಿ ಅಲ್ಲಿದ್ದ ಮೇಜರ್ ಅಲೆಕ್ಸಾಂಡರ್ ಅಲನ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಟಿಪ್ಪುವಿನ ಕಣ್ಣು ತೆರೆದೇ ಇತ್ತು. ಮೈ ಇನ್ನೂ ಬೆಚ್ಚಗಿತ್ತು. ಜೀವವಿದೆಯೇನೋ ಎಂದು ಅವನಿಗೂ ವೆಲ್ಲೆಸ್ಲಿಗೂ ಒಂದು ಗಳಿಗೆ ಅನುಮಾನವಾಯಿತು. ತೊಟ್ಟದ್ದು ನವಿರಾದ ಬಿಳಿ ಬಟ್ಟೆಯ ಅಂಗಿ, ಹೂವಿನ ಚೀಟಿ ಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ರೇಷ್ಮೆ ನೂಲು ಬೆರೆತ ಕಡುಗೆಂಪು ವಸ್ತ್ರ, ಹೆಗಲಿಂದ ಇಳಿಬಿದ್ದ ಕೆಂಪು ಹಸಿರು ರೇಷ್ಮೆಯ ಪಟ್ಟಿಗೆ ಒಂದು ಚೀಲ, ತೋಳಲ್ಲಿ ತಾಯಿತ. ತಲೆ ಬರಿದು, ಪೇಟ ಎಲ್ಲೋ ಬಿದ್ದುಹೋಗಿತ್ತು. ಲಂಡನ್ನಿನ ಎಷ್ಟೋ ಅಚ್ಚುಚಿತ್ರಗಳು ಟಿಪ್ಪುವಿಗೆ ರಾಜಠೀವಿಯ ಉಡುಪನ್ನೇ ತೊಡಿಸಿದವು. ಕಡುಬೇಸಿಗೆಯ ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಹೋರಾಡಲು ಓಡಿದ ಮನುಷ್ಯ ತೊಟ್ಟಿರಬಹುದಾದದ್ದು ಈ ಬಿಳಿ ಅಂಗಿ, ಈ ಚೀಟಿ ಇಜಾರ. ಈ ಬಟ್ಟೆಗಳ ಪಟ್ಟಿಯನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಕಿರೀಟದ ಚಿತ್ರಗಳ ಮುಂದೆ ಹಾಗಾಗುವುದಿಲ್ಲ.

ಪೋರ್ಟರನ ವಿಷಯ ಮುಗಿದಿಲ್ಲ. ವಯಸ್ಸಾದಂತೆ ಅವನು ಊರೂರು ಅಲೆದ. 1817ರಲ್ಲಿ ಪರ್ಷಿಯಾಕ್ಕೆ ಹೊರಟಾಗ ಸೇಂಟ್ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯ ಅಧ್ಯಕ್ಷ ಒಲೆನಿನ್ ಅವನಿಂದ ಒಂದು ಮಾತು ಬೇಡಿದ: ಅಲ್ಲಿನ ಹಳೆಯ ಶಿಲ್ಪಗಳನ್ನು ಇರುವಂತೆಯೇ ಬರೆ, ಒಡೆದಿದ್ದರೆ ಒಡೆದಂತೆ, ಸವೆದಿದ್ದರೆ ಸವೆದಂತೆ, ನಿನ್ನಿಂದ ಏನನ್ನೂ ಸೇರಿಸಬೇಡ. ಪೋರ್ಟರ್ ಆ ಕಂಡಷ್ಟೇ-ವ್ರತವನ್ನು ಹಿಡಿದ. ಪರ್ಸೆಪೊಲಿಸ್‌ನ ಕಲ್ಲುಗಳ ಮುಂದೆ ಬಿಸಿಲಿನಲ್ಲಿ ಕುಳಿತು, ಕಪ್ಪ ತರುವವರ ಸಾಲನ್ನು ಒಬ್ಬೊಬ್ಬರನ್ನಾಗಿ, ಅವರ ಉಡುಪಿನ ಮಡಿಕೆಯನ್ನೂ ಬಿಡದೆ ಬರೆದ. 120 ಅಡಿಯ ಯುದ್ಧವನ್ನು ಆರು ವಾರದಲ್ಲಿ ಕಲ್ಪಿಸಿದವನೇ ಈಗ ಹೆಸರಿಲ್ಲದ ಜನರ ಒಂದು ಮೆರವಣಿಗೆಗೆ ಸಣ್ಣ ಕುಂಚ ಹಿಡಿದಿದ್ದ.

ಶ್ರೀರಂಗಪಟ್ಟಣವನ್ನು ಬರೆಯಬೇಕಾದದ್ದು ಈ ಪೋರ್ಟರ್. ಅವನಿಗೆ ಬಿರುಕಿನ ಜಾಗದಲ್ಲಿ ಎರಡೂ ಕಡೆ ಬಿದ್ದವರನ್ನು ತೋರಿಸಬಹುದಿತ್ತು. ಇಂಗ್ಲಿಷರ ಕಡೆ ಓಡಿ ಬಂದವರಲ್ಲೂ ಸುಮಾರು ಅರ್ಧದಷ್ಟು ಜನ ಈ ದೇಶದ ಸಿಪಾಯಿಗಳೇ. ಅವರಿಗೂ ಕೀಲಿಪಟದಲ್ಲಿ ಹೆಸರಿರಲಿಲ್ಲ. ಮೈಸೂರಿನ ಕಾಲಾಳುಗಳು ತೊಟ್ಟಿದ್ದ ಊದಾ ಬಣ್ಣದ ಹುಲಿಚುಕ್ಕೆಯ ಅಂಗಿಯನ್ನು ಅವನು ಹತ್ತಿರದಿಂದ ನೋಡಿ ಬರೆಯುತ್ತಿದ್ದ. ಬೇಸಿಗೆಯ ಕಾವೇರಿಯ ಬಂಡೆ ಎಷ್ಟು ಬೆಳ್ಳಗಿರುತ್ತದೆ, ನೀರಿನ ಗೆರೆ ಅದರ ಮೇಲೆ ಎಲ್ಲಿಯವರೆಗೆ ಕಪ್ಪಾಗಿರುತ್ತದೆ ಎಂಬುದೂ ಅವನಿಗೆ ದಕ್ಕುತ್ತಿತ್ತು. ಈಗ ಬರೆಯುವ ಯಾರಿಗಾದರೂ ಇವೆಲ್ಲ ಸಿಗುತ್ತವೆ: ಅಲನ್ನನ ಬಟ್ಟೆಪಟ್ಟಿ, ಹಿಕ್ಕಿಯ ಮುಖಗಳು, ಗೋಡೆಯ ಪೇಟಗಳು, ಮೇ 4ರ ಸೂರ್ಯ. ಬಣ್ಣದ ಪೆಟ್ಟಿಗೆ ಹಿಡಿದು ಯಾರಾದರೂ ಹೊರಡುವುದಿದ್ದರೆ ನನ್ನ ಕೋರಿಕೆ ಒಂದೇ: ಒಂದು ಗಂಟೆಯ ಮೊದಲೇ ಹೊಳೆಯ ಪಡುವಣ ದಡ ಸೇರಿ, ತಲೆಗೊಂದು ಟವಲು ಹಾಕಿಕೊಳ್ಳಿ, ಮತ್ತು ಹೆಸರಿಲ್ಲದವರಿಂದ ಬರೆಯಲು ಶುರುಮಾಡಿ.